ಸೂರಿನ ಕೆಳಗೊಬ್ಬ ಹೆಂಗಸು

ಚಿಂತೆ ಮಾಡುವುದರಲ್ಲಿ ನನ್ನದು ಶಿಸ್ತಿನ ಬದುಕು. ಬೆಳಿಗ್ಗೆ, ಸ್ವಾಹಿಲಿ ಮಾತಾಡುವ ಈ ಪರದೇಶದ ಊರಿನಲ್ಲಿ, ಲೊರೆಶೋ ಬಡಾವಣೆಯ ಮನೆಯಿಂದ ಹೊರಡುವ ಮುಂಚೆ ಗ್ಯಾಸ್ ಸಿಲಿಂಡರಿನ ತಿರುಪನ್ನು ಮುಟ್ಟಿ ನೋಡುತ್ತೇನೆ. ಗೇಟಿನ ಹತ್ತಿರ ಬಂದ ಮೇಲೆ, ಮುಟ್ಟಿದ್ದು ಈಗಲೋ ಅಥವಾ ಅದು ನಿನ್ನೆಯ ನೆನಪೋ ಎಂದು ಅನುಮಾನವಾಗಿ, ಹಿಂದಕ್ಕೆ ಹೋಗಿ ಇನ್ನೊಮ್ಮೆ ಮುಟ್ಟುತ್ತೇನೆ. ಅಷ್ಟರಲ್ಲಿ ಕಾರಿನೊಳಗಿಂದ ಹಾರ್ನ್ ಕೇಳಿಸುತ್ತದೆ. ನನ್ನ ಗಂಡ ವೆಸ್ಟ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಕಂಪ್ಯೂಟರುಗಳು ನಿದ್ದೆಹೋಗದಂತೆ ಕಾಯುವವರು. ಮನೆಯಲ್ಲಿ ಮಾತ್ರ ಅವರಿಗೆ ಯಾವುದರ ಎಚ್ಚರವೂ ಇಲ್ಲ. "ಚಿಂತೆ ಮಾಡೋಕೆ ಏನೂ ಸಿಗಲಿಲ್ಲ ಅಂದ್ರೆ ನಿಂಗೆ ಅದೇ ಒಂದು ಚಿಂತೆ ಕಣೇ," ಅನ್ನುತ್ತಾರೆ. ನಾನು ಸೀಟ್‌ಬೆಲ್ಟ್ ಎಳೆದುಕೊಂಡು, ಅವರದನ್ನೂ ಎಳೆದು ನೋಡಿ, ಉತ್ತರ ಕೊಡುವುದಿಲ್ಲ. ಉತ್ತರ ಕೊಡುತ್ತಾ ಹೋದರೆ ಅವರು ರಸ್ತೆ ನೋಡುವುದಿಲ್ಲ ಎನ್ನುವುದು ನನ್ನ ಇನ್ನೊಂದು ಚಿಂತೆ.

ಇಂಥವಳ ಪಾಲಿಗೆ, ಮೈತುಂಬ ಓದಲಾಗದ ಬರಹ ಅಂಟಿಸಿಕೊಂಡ ಯಂತ್ರವೊಂದು ಬಂದರೆ ಹೇಗಿರಬೇಡ. ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಮಾತ್ರೆ ತಯಾರಿಸುವ ಕಾರ್ಖಾನೆ. ನಾನು ಅಲ್ಲಿ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು, ಇಡೀ ತರಗತಿಯ ಹುಡುಗಿಯರು ಒಂದೇ ಬೆಂಚಿನಲ್ಲಿ ಹಿಡಿಸುತ್ತಿದ್ದ ಕಾಲದವಳು. ಯಂತ್ರ ಚೀನಾದ್ದು. ಮಾತ್ರೆಗಳನ್ನು ಪ್ಲಾಸ್ಟಿಕ್ ಗುಳಿಗಳಲ್ಲಿ ಕೂರಿಸಿ, ಮೇಲೆ ಅಲ್ಯೂಮಿನಿಯಂ ಹಾಳೆ ಬೆಸೆದು, ಸ್ಟ್ರಿಪ್ಪುಗಳಾಗಿ ಕತ್ತರಿಸಿ ಉಗುಳುವುದು ಅದರ ಕೆಲಸ. ಜೊತೆಗೆ ಬಂದ ಇಂಗ್ಲಿಷ್ ಕೈಪಿಡಿ, ಅರ್ಥವಾಗುವುದಕ್ಕಿಂತ ಹೆಚ್ಚಾಗಿ ನಗು ಬರಿಸುವಂಥದ್ದು. ಯಂತ್ರದ ಮೇಲಿನ ಹಳದಿ ಚೀಟಿಗಳಲ್ಲಂತೂ ಬರೀ ಚೀನೀ ಅಕ್ಷರ. ಅದರಲ್ಲಿ 'ಮುಟ್ಟಬೇಡಿ' ಎಂದಿದೆಯೋ 'ಧಾರಾಳವಾಗಿ ಮುಟ್ಟಿ' ಎಂದಿದೆಯೋ ಗೊತ್ತಿಲ್ಲದೆ ನಾನು ಅದರ ಪಕ್ಕ ನಿಲ್ಲುವವಳಲ್ಲ.

ಯಂತ್ರ ಕೂರಿಸಿಕೊಡಲು ಚೀನಾದಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಹೆಚ್ಚುಕಡಿಮೆ ನನ್ನ ವಯಸ್ಸಿನವರು, ದುಂಡಗಿನ ಮೈ, ಕೈಯಲ್ಲಿ ಸದಾ ಬಿಸಿನೀರಿನ ಫ್ಲಾಸ್ಕು, ಅದರೊಳಗೆ ತೇಲುವ ಎಂಥದೋ ಎಲೆಗಳು. ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮಿಬ್ಬರ ಮಾತುಕತೆಯೆಲ್ಲ ಅವರ ಫೋನಿನ ಅನುವಾದದ ಆ್ಯಪ್ ಮೂಲಕ. ನಾನು ಒಂದೊಂದೇ ಚೀಟಿಯ ಮೇಲೆ ಬೆರಳಿಟ್ಟು "ಇದೇನು? ಇದೇನು?" ಎಂದು ಕೇಳುತ್ತ ಬಂದಾಗ ಅವರಿಗೆ ಮೊದಲು ತಮಾಷೆ ಎನಿಸಿತು. ಎಷ್ಟೋ ದೇಶಗಳಿಗೆ ಹೋಗಿದ್ದೇನೆ, ಯಾರೂ ಕೇಳಿಲ್ಲ ಎಂದರು. ನಾನು ಕೇಳುವುದು ನಿಲ್ಲಿಸಲಿಲ್ಲ. ಆಮೇಲೆ ಅವರೇ ಒಂದು ರಟ್ಟಿನ ಪೆಟ್ಟಿಗೆಯ ಮುಚ್ಚಳ ಹರಿದು, ಮಾರ್ಕರಿನಲ್ಲಿ ದೊಡ್ಡದಾಗಿ ಒಂದು ಅಕ್ಷರ ಬರೆದರು: 安.

"ಆನ್," ಎಂದರು. ಮೇಲಿನ ಟೋಪಿಯಂಥ ಗೆರೆ ತೋರಿಸಿ, ನೆತ್ತಿಯ ಮೇಲೆ ಎರಡೂ ಕೈ ಇಳಿಜಾರಾಗಿ ಹಿಡಿದರು: ಸೂರು. ಕೆಳಗೆ ಕಾಲು ಕತ್ತರಿಹಾಕಿ ಕೂತಂತಿದ್ದ ಗೆರೆಗಳನ್ನು ತೋರಿಸಿ, ಸ್ವಲ್ಪ ಹಿಂಜರಿದು, ನನ್ನತ್ತ ಬೊಟ್ಟು ಮಾಡಿದರು: ಹೆಂಗಸು. ಸೂರಿನ ಕೆಳಗೆ ಹೆಂಗಸು ಕೂತಿದ್ದರೆ ಅದು ನೆಮ್ಮದಿ, ಅದು ಕ್ಷೇಮ.

ನನಗೆ ಉರಿಯಿತು. ಈ ಅಕ್ಷರ ಕಟ್ಟಿದವನು ಯಾರೋ, ಕಟ್ಟುವ ಮುಂಚೆ ಒಳಗೆ ಕೂತವಳನ್ನು ಒಂದು ಮಾತು ಕೇಳಿದಂತಿರಲಿಲ್ಲ. "ಯಾರಿಗೆ ನೆಮ್ಮದಿ?" ಎಂದು ಫೋನಿಗೆ ಹೇಳಿದೆ. ಫೋನು ಏನೆಂದು ಅನುವಾದಿಸಿತೋ, ಅವರು ಫ್ಲಾಸ್ಕಿನಿಂದ ಒಂದು ಗುಟುಕು ಕುಡಿದು ಯೋಚಿಸಿ, ತಮ್ಮ ಹೆಂಡತಿಯೂ ಇದನ್ನೇ ಕೇಳುತ್ತಾಳೆ ಎಂದರು.

ಈ ಅಕ್ಷರ ಮನೆಬಿಟ್ಟು ಒಂಟಿಯಾಗಿ ಹೋಗುವುದು ಕಡಿಮೆ, ಜೊತೆಗೆ ಇನ್ನೊಂದು ಬೇಕು ಎಂದು ಅವರು ವಿವರಿಸಿದರು. 'ಇಡಿಯಾದದ್ದು' ಎನ್ನುವ ಅಕ್ಷರ ಜೊತೆಯಾದರೆ ಸುರಕ್ಷತೆ, 安全. ಹಳದಿ ಚೀಟಿಗಳಲ್ಲಿ ಮತ್ತೆ ಮತ್ತೆ ಇದ್ದದ್ದು ಅದೇ. ಸುರಕ್ಷಿತ ಎಂದರೆ ಇಡಿಯಾಗಿ ಉಳಿಯುವುದು, ಒಂದು ತುಂಡೂ ಕಳೆದುಹೋಗದೆ ಸಂಜೆ ಮನೆಗೆ ಹೋಗುವುದು ಎಂದು ನಾನು ನನ್ನಷ್ಟಕ್ಕೆ ಅರ್ಥ ಮಾಡಿಕೊಂಡೆ. ಅವರು ಮಾಡಲು ಬಂದಿದ್ದ ಕೆಲಸಕ್ಕೂ, ಅಂದರೆ ಯಂತ್ರ ಕೂರಿಸುವುದಕ್ಕೂ, ಇದೇ ಅಕ್ಷರ ಮುಂದಿರುತ್ತದಂತೆ. ಗೇಟಿನಲ್ಲಿ ಕೂತ ಅಸ್ಕಾರಿಯನ್ನು ತೋರಿಸಿ, ಕಾವಲುಗಾರನ ಹೆಸರಿನಲ್ಲಿ ಅದು ಹಿಂದೆ ಬರುತ್ತದೆ ಎಂದರು. ನಮ್ಮದು ಔಷಧಿ ಕಾರ್ಖಾನೆ ಎಂದು ನೆನಪಾಗಿ, 'ಸ್ಥಿರ' ಎನ್ನುವ ಅಕ್ಷರ ಸೇರಿಸಿ ಬರೆದು, ಕಣ್ಣುಮುಚ್ಚಿ ಗೊರಕೆ ಹೊಡೆದು ತೋರಿಸಿದರು: ತಳಮಳದವರಿಗೆ ಕೊಡುವ ಮಾತ್ರೆಗೆ ಅವರಲ್ಲಿ ಆ ಹೆಸರು. ಸದ್ದು ಮಾಡಬೇಡಿ ಎಂದು ಆಸ್ಪತ್ರೆಯ ಗೋಡೆಯಲ್ಲಿ ಬರೆಯುವುದೂ ಈ ಅಕ್ಷರದಿಂದಲೇ. ಜೊತೆಗೆ ಹೃದಯ ಬಂದರೆ, ಮನಸ್ಸು ಹಗುರ ಮಾಡಿಕೊಳ್ಳಿ, ನಿಶ್ಚಿಂತೆಯಾಗಿರಿ ಎಂದು.

"ನಿಶ್ಚಿಂತೆ ನನಗೆ ಗೊತ್ತಿಲ್ಲ. ಅದರ ವಿರುದ್ಧ ಯಾವುದು?" ಎಂದು ಕೇಳಿದೆ.

'ಅಲ್ಲ' ಎನ್ನುವ ಅಕ್ಷರವನ್ನು ಮುಂದೆ ಬರೆದರು. 不安. "ಬು ಆನ್." ಒಳಗೆ ಸಮಾಧಾನವಿಲ್ಲದ ಸ್ಥಿತಿ.

"ಇದು ನಾನು," ಎಂದು ಎದೆ ಮುಟ್ಟಿಕೊಂಡೆ. ಮರುದಿನದಿಂದ ಬೆಳಿಗ್ಗೆ ನನ್ನನ್ನು ಕಂಡರೆ ಅವರು ಫ್ಲಾಸ್ಕು ಎತ್ತಿ "ಬು ಆನ್" ಎಂದೇ ನಮಸ್ಕಾರ ಹೇಳುತ್ತಿದ್ದರು. ಚಿಂತೆಯನ್ನು ರೋಗವೆಂದು ನೋಡದೆ ಹುದ್ದೆಯ ಹಾಗೆ ಕಂಡ ಮೊದಲ ಮನುಷ್ಯ ಅವರು.

ಆಮೇಲೆ ಅದು ನನಗೆ ಎಲ್ಲೆಲ್ಲೂ ಕಾಣತೊಡಗಿತು. ಮೊಂಬಾಸಾ ರೋಡಿನ ಜಾಮಿನಲ್ಲಿ ನಿಂತಾಗ, ಚೀನಾದ ಕಂಪನಿಯೊಂದರ ರಸ್ತೆ ಕೆಲಸದ ಬೇಲಿಗೆ ಕಟ್ಟಿದ ಫಲಕದಲ್ಲಿ, ಪಕ್ಕದಲ್ಲಿ ಹಾದುಹೋದ ಕಾರ್ಮಿಕನ ಹೆಲ್ಮೆಟ್ಟಿನಲ್ಲಿ. "ರೀ, ನೋಡಿ, ಆನ್," ಎಂದು ನಾನು ಕೂಗಿದರೆ, ಮಟಾಟು ಮಿನಿಬಸ್ಸು ಯಾವ ಕಡೆಯಿಂದ ನುಗ್ಗುತ್ತದೋ ಎಂದು ಬಿಗಿಹಿಡಿದು ಕೂತಿದ್ದ ಗಂಡ, "ಮೊದಲು ಗ್ಯಾಸು ಮಾತ್ರ ಇತ್ತು. ಈಗ ಚೈನಾನೂ ಸೇರ್ಕೊಳ್ತು," ಎನ್ನುತ್ತಿದ್ದರು.

ಎಂಜಿನಿಯರ್ ಊರಿಗೆ ಹೊರಡುವ ಮುಂಚಿನ ದಿನ ನನ್ನನ್ನೂ, ಯಂತ್ರ ನಡೆಸಬೇಕಾದ ಆಪರೇಟರನ್ನೂ ಕರೆದರು. ಆಪರೇಟರ್ ನಮ್ಮಲ್ಲಿ ವರ್ಷಗಳಿಂದ ಇರುವ ಎತ್ತರದ ಹೆಂಗಸು, ಮಾತಿನಲ್ಲಿ ಯಾರಿಗೂ ಬಗ್ಗುವವಳಲ್ಲ. ನಾನು ಅವಳನ್ನು ಇಲ್ಲಿನವರಂತೆ 'ದಾದಾ' ಎನ್ನುತ್ತೇನೆ, ಸ್ವಾಹಿಲಿಯಲ್ಲಿ ಅಕ್ಕ ಎಂದ ಹಾಗೆ. ಸ್ಟ್ರಿಪ್ಪು ಕತ್ತರಿಸುವ ಬಾಯಿಯ ಮೇಲೆ, ಎದುರಿನ ಚೌಕಟ್ಟಿನ ನಡುಮಧ್ಯೆ, ಒಂದು ಗುಂಡನೆಯ ಗಾಜಿನ ಕಣ್ಣಿತ್ತು. ಎದುರಿನಿಂದ ಬರುವ ಬೆಳಕನ್ನು ಅದು ನೋಡುತ್ತಲೇ ಇರಬೇಕು. ನಡುವೆ ಕೈ ಅಡ್ಡ ಬಂದರೆ ಆ ಕ್ಷಣವೇ ಯಂತ್ರ ನಿಲ್ಲಬೇಕು. ಅವರು ಓಡುತ್ತಿದ್ದ ಯಂತ್ರದ ಬಾಯಿಗೆ ತಮ್ಮ ಕೈಯನ್ನೇ ಚಾಚಿದರು. ನಾನು ಕಣ್ಣುಮುಚ್ಚಿಕೊಂಡೆ. ಟಕ್ ಎಂದು ನಿಂತ ಸದ್ದಾದ ಮೇಲೆ ತೆರೆದರೆ, ಅವರು ಎಲ್ಲ ಬೆರಳುಗಳನ್ನೂ ಆಡಿಸುತ್ತ, ಪಕ್ಕದ ಹಳದಿ ಚೀಟಿ ತೋರಿಸುತ್ತಿದ್ದರು. ಇಡಿಯಾಗಿ.

ಅದಾಗಿ ಸ್ವಲ್ಪ ದಿನಕ್ಕೆ ಆಯುಧಪೂಜೆ ಬಂತು.

ನಮ್ಮ ಮಾಲೀಕರು ಗುಜರಾತಿಗಳು, ತಾತನ ಕಾಲದಿಂದ ಇಲ್ಲಿನವರು. ಆದರೆ ಯಂತ್ರಗಳ ಪೂಜೆಯನ್ನು ಕಾರ್ಖಾನೆಗೆ ತಂದವರು ತುಮಕೂರಿನ ಕಡೆಯ ನಮ್ಮ ಜನರಲ್ ಮ್ಯಾನೇಜರು. ವರ್ಷಕ್ಕೊಂದು ದಿನ ಅವರು ಸೇಫ್ಟಿ ಶೂ ಬಿಚ್ಚಿಟ್ಟು, ಪಂಚೆಯುಟ್ಟು, ಬಾಯ್ಲರಿನಿಂದ ಹಿಡಿದು ಫೋರ್ಕ್‌ಲಿಫ್ಟಿನವರೆಗೆ ಎಲ್ಲಕ್ಕೂ ಬೊಟ್ಟಿಡುತ್ತ ಬರುತ್ತಾರೆ. ಅವತ್ತು ಹೊಸ ಯಂತ್ರಕ್ಕೆ ವಿಶೇಷ ಮರ್ಯಾದೆ. ಮಾಲೀಕರು ಮನೆಯವರೊಂದಿಗೆ ಬಂದಿದ್ದರು. ಶುಭಘಳಿಗೆಯಲ್ಲಿ ಹಸಿರು ಗುಂಡಿ ಒತ್ತುವುದು ಅವರೇ. ಮ್ಯಾನೇಜರು ಬೊಟ್ಟಿಡಲು ಯಂತ್ರದ ಹಣೆ ಹುಡುಕಿದರು. ಎಲ್ಲಿಡುತ್ತಾರೆ ಹೇಳಿ. ಎದುರಿನ ಚೌಕಟ್ಟಿನ ನಡುಮಧ್ಯೆ ಗುಂಡಗೆ ಮಿನುಗುತ್ತಿರುವ ಜಾಗ ಇನ್ನು ಯಾತಕ್ಕಿರುತ್ತದೆ? ಗಟ್ಟಿಯಾಗಿ ತೇಯ್ದ ಗಂಧ, ಅದರ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮ, ಭಕ್ತಿಯಿಂದ ಒತ್ತಿದರು. ನಾನು ಹಿಂದಿನ ಸಾಲಿನಲ್ಲಿ, ಕರ್ಪೂರದ ತಟ್ಟೆ ಸ್ಪಿರಿಟ್ ಕ್ಯಾನಿನ ಹತ್ತಿರ ಹೋಗುತ್ತಿದೆಯಲ್ಲಾ ಎಂಬ ಚಿಂತೆಯಲ್ಲಿದ್ದೆ.

ಮಾಲೀಕರು ಗುಂಡಿ ಒತ್ತಿದರು. ಯಂತ್ರ ಕೆಂಪು ದೀಪ ಹಾಕಿ ಸುಮ್ಮನೆ ನಿಂತಿತು. ಇನ್ನೊಮ್ಮೆ ಒತ್ತಿದರು. ಕಣ್ಣಿಗೆ ಬೊಟ್ಟಿಟ್ಟರೆ ಅದಕ್ಕೇನು ಕಂಡೀತು? ಘಳಿಗೆ ಮೀರುತ್ತಿದೆ ಎಂದು ಮ್ಯಾನೇಜರು ಬೆವರತೊಡಗಿದರು. ಎಲೆಕ್ಟ್ರಿಷಿಯನ್ ಹಿಂದಿನಿಂದ ಹೋಗಿ, ಪ್ಯಾನಲಿನಲ್ಲಿ ಒಂದು ತುಂಡು ವೈರು ಸಿಕ್ಕಿಸಿ, ಕಣ್ಣನ್ನು ಯಂತ್ರ ಕೇಳದ ಹಾಗೆ ಮಾಡಿದ. ಯಂತ್ರ ಓಡಿತು. ಕಾಯಿ ಒಡೆದರು, ಪೇಡಾ ಹಂಚಿದರು.

ಮರುದಿನ ಯಾರೋ ಒಣಗಿದ ಗಂಧವನ್ನು ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಉಜ್ಜಿ ತೆಗೆದರು. ಗಂಧ ಹೋಯಿತು, ಜೊತೆಗೆ ಗಾಜಿನ ಹೊಳಪೂ ಹೋಯಿತು. ಕಣ್ಣಿಗೆ ಪೊರೆ ಬಂದ ಹಾಗಾಗಿ, ವೈರು ತೆಗೆದರೆ ಯಂತ್ರ ನಡೆಯದು. ನಾನು ಮ್ಯಾನೇಜರ ಕೋಣೆಗೆ ಹೋದೆ.

"ಅಯ್ಯೋ ಬಿಡಿ ಮೇಡಮ್, ಒಂದು ಸೆನ್ಸರ್ ತಾನೆ. ಆರ್ಡರ್ ಹಾಕಿದೀವಿ, ಬರುತ್ತೆ. ಅಲ್ಲೀತನಕ ಬೈಪಾಸಲ್ಲಿ ಓಡ್ಲಿ."

"ಅಲ್ಲೀತನಕ ಯಾರಾದ್ರೂ ಕೈ ಹಾಕಿದ್ರೆ, ಸರ್?"

"ಹಾಕ್ಬೇಡಿ ಅಂತ ಹೇಳಿ. ದೊಡ್ಡೋರು ಅವ್ರು, ಮಕ್ಕಳಾ? ನೀವು ಸ್ವಲ್ಪ ಟೆನ್ಷನ್ ಕಡಿಮೆ ಮಾಡ್ಕೊಳಿ. ಬಿ.ಪಿ. ಚೆಕ್ ಮಾಡಿಸಿದ್ರಾ?"

ಹಾಳೆ ಸಿಕ್ಕಿಕೊಂಡರೆ ಕೈ ಹಾಕಿ ಎಳೆಯುವುದು ಮನುಷ್ಯ ಸ್ವಭಾವ. ಅದಕ್ಕೇ ಅಲ್ಲವೇ ಅಲ್ಲೊಂದು ಕಣ್ಣಿಟ್ಟದ್ದು. ನಾನು ದಿನಾ ಕೇಳುತ್ತ ಹೋದೆ. ಅವರು ದಿನಾ ಬರುತ್ತೆ ಎನ್ನುತ್ತ ಹೋದರು. ಅಷ್ಟರಲ್ಲಿ ಎಲ್ಲರಿಗೂ ಒಂದು ವಿಷಯ ತಿಳಿದುಬಿಟ್ಟಿತ್ತು: ಕಣ್ಣಿಲ್ಲದ ಯಂತ್ರ ನಡುನಡುವೆ ನಿಲ್ಲುವುದಿಲ್ಲ, ಮಾಲು ಬೇಗ ಮುಗಿಯುತ್ತದೆ.

ಒಂದು ಬೆಳಿಗ್ಗೆ, ತಗಡಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿದ್ದಾಗ, ಆಪರೇಟರ್ ನನ್ನ ಮೇಜಿನ ಹತ್ತಿರ ಬಂದು ಹೊಸ ಕೈಗವಸು ಕೇಳಿದಳು. ಹಳೆಯದನ್ನು ಎತ್ತಿ ತೋರಿಸಿದಳು. ತೋರುಬೆರಳಿನ ತುದಿ, ಉಗುರಿನ ಅಗಲದಷ್ಟು, ಬ್ಲೇಡಿನಲ್ಲಿ ಕುಯ್ದ ಹಾಗೆ ನೀಟಾಗಿ ಹೋಗಿತ್ತು.

"ಬೆರಳು?" ಎಂದೆ. ಕುರ್ಚಿಯಿಂದ ಎದ್ದು ಅವಳ ಕೈ ಹಿಡಿದು ತಿರುಗಿಸಿ ನೋಡಿದೆ.

"ಬೆರಳಿಗೇನಾಗಿದೆ, ಇಲ್ಲೇ ಇದೆ. ಗ್ಲೌಸು ದೊಡ್ಡ ಸೈಜು, ತುದಿ ಖಾಲಿ ಇತ್ತು," ಎಂದು ನಕ್ಕಳು. "ಮೇಡಮ್, ಕೂತ್ಕೋ. ನೀನು ಬಿದ್ದರೆ ಎತ್ತೋಕೆ ನಂಗೆ ಆಗಲ್ಲ."

ಆ ಹಳೆಯ ಕೈಗವಸನ್ನು ಕೋಟಿನ ಜೇಬಿಗಿಟ್ಟುಕೊಂಡೇ ಅವತ್ತು ಕ್ಯಾಂಟೀನಿಗೆ ಹೋಗಿ, ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಫೋನು ತೆಗೆದು ಚೀನಾದ ಎಂಜಿನಿಯರಿಗೆ ಬರೆದೆ: ನಮ್ಮ ಕಣ್ಣು ಯಾವಾಗ ಕಳಿಸುತ್ತೀರಿ? ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಯಾವ ಕಣ್ಣು? ನಿಮ್ಮ ಕಡೆಯಿಂದ ಯಾರೂ ಏನೂ ಕೇಳಿಲ್ಲ. ಕಣ್ಣು ಕೆಟ್ಟಿದೆಯೇ? ಕೆಟ್ಟಿದ್ದರೆ ಯಂತ್ರ ಓಡಲಾರದಲ್ಲ? ಓಡುತ್ತಿದೆ ಎಂದೆ. ಆಮೇಲೆ ಬಂದದ್ದು ಅನುವಾದವಲ್ಲ, ಅವರ ಅಕ್ಷರಗಳೇ, ನಾನು ಓದಬಲ್ಲವು. 不安.

ಹೀಗೆ ಬರೆದರೆ ನಾನು ಅಲ್ಲಿಂದ ಸಿಂಹಿಣಿಯಂತೆ ಎದ್ದು ಹೋದೆ ಎನ್ನಿಸಬಹುದು. ಹಾಗೇನಿಲ್ಲ. ಮೊದಲು ಶೌಚಾಲಯಕ್ಕೆ ಹೋಗಿ ಮುಖ ತೊಳೆದೆ. ಕೆಲಸ ಹೋದರೆ ವರ್ಕ್ ಪರ್ಮಿಟ್ ಏನಾಗುತ್ತದೆ ಎಂದು ಚಿಂತಿಸಿದೆ. ಪರ್ಮಿಟ್ಟಿನ ಚಿಂತೆ ಮುಗಿದ ಮೇಲೆ, ಬಾತ್‌ರೂಮಿನ ನಲ್ಲಿ ಸರಿಯಾಗಿ ತಿರುಗಿಸಿದೆನೇ ಎಂದು ವಾಪಸ್ ಹೋಗಿ ನೋಡಿದೆ. ಆಮೇಲೆ ಸ್ಟೋರಿನಿಂದ ಒಂದು ಕೆಂಪು ಬೀಗ ತಂದು, ಯಂತ್ರದ ಮೇನ್ ಸ್ವಿಚ್ಚನ್ನು ಕೆಳಗಿಳಿಸಿ, ಬೀಗ ಹಾಕಿದೆ. ಕೀಲಿಯನ್ನು ಬಳೆಯಲ್ಲಿ ಸದಾ ತೂಗುವ ಪಿನ್ನಿಗೆ ಸಿಕ್ಕಿಸಿಕೊಂಡೆ. ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಸ್ವಿಚ್ಚಿನ ಮುಂದೆಯೇ ಕೂತೆ.

ಮ್ಯಾನೇಜರು ಬಂದರು.

"ಏನ್ ಮೇಡಮ್ ಇದು?"

"ಬೀಗ, ಸರ್."

"ಬೀಗ ಅಂತ ನಂಗೂ ಕಾಣ್ಸುತ್ತೆ. ಯಾಕೆ ಅಂತ?"

"ಕಣ್ಣು ಬರೋತನಕ."

"ಆರ್ಡರ್ ಹಾಕಿದೀವಿ ಅಂತ ಹೇಳಿದ್ನಲ್ಲ."

"ಅವರನ್ನೇ ಕೇಳಿದೆ. ಯಾರೂ ಹಾಕಿಲ್ಲವಂತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಡಿದ್ದು ಕಂಪಾಲಾಗೆ ಮಾಲಿನ ಲಾರಿ ಹೋಗ್ಬೇಕು. ಅದು ಹೋಗ್ಲಿ, ಆಮೇಲೆ ನಾನೇ ನಿಂತು ತರಿಸ್ತೀನಿ. ಮೇಡಮ್, ಸಮಾಧಾನ ಮಾಡ್ಕೊಳಿ. ಶಾಂತವಾಗಿ ಯೋಚ್ನೆ ಮಾಡಿ."

ಆ ಮಾತು ಬಂದದ್ದೇ ನಾನು ಸ್ಟೂಲನ್ನು ಸ್ವಿಚ್ಚಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ. ನನ್ನ ಆಯುಷ್ಯವಿಡೀ ಜನ ನನ್ನಿಂದ ಕೇಳಿರುವುದು ಇದನ್ನೇ. ಸಮಾಧಾನ, ನಿಶ್ಚಿಂತೆ, ಶಾಂತಿ. ಸದ್ದು ಮಾಡಬೇಡ, ಒಂದು ಮಾತ್ರೆ ತಗೋ. ಅದೇ ಅಕ್ಷರದ ಆ ಜೋಡಿಗಳೆಲ್ಲ ನನಗೆ ಪುಕ್ಕಟೆ ಸಿಗುತ್ತಿದ್ದವು. ನನಗೆ ಬೇಕಾಗಿದ್ದದ್ದು ಒಂದೇ ಜೋಡಿ, ಹಳದಿ ಚೀಟಿಯಲ್ಲಿದ್ದದ್ದು. ಅದನ್ನು ಕೊಡದೆ ಉಳಿದವನ್ನು ಕೊಡುತ್ತೇನೆಂದರೆ ನಾನು ತೆಗೆದುಕೊಳ್ಳುವವಳಲ್ಲ.

"ನಾನು ಶಾಂತವಾಗೇ ಇದೀನಿ, ಸರ್," ಎಂದೆ. "ಬೀಗ ತೆಗೆಯಲ್ಲ."

"ಬೀಗ ಒಡೆಸ್ಲಾ?"

"ಒಡೆಸಿ. ನಾನು ಇಲ್ಲಿಂದ ಏಳಲ್ಲ. ಸ್ಟೂಲಿನ ಸಮೇತ ಎತ್ತಿಸ್ಬೇಕಾಗುತ್ತೆ."

ಅತ್ತ ಆಪರೇಟರೂ ನನ್ನ ಕಡೆಗಿರಲಿಲ್ಲ. ಯಂತ್ರ ನಿಂತರೆ ಅವಳನ್ನು ಹಳೆಯ ಮೇಜುಗಳಲ್ಲಿ ಕೈಯಿಂದ ಡಬ್ಬಿ ತುಂಬಲು ಕೂರಿಸುತ್ತಾರೆ, ಅದು ಬೆನ್ನು ಮುರಿಯುವ ಕೆಲಸ. "ನನ್ನ ಕೇಳಿದ್ಯಾ ಮೇಡಮ್? ನನ್ನ ಬೆರಳಿನ ಮೇಲೆ ನೀನು ಜಗಳ ಆಡ್ತಿದ್ದೀಯ, ನನ್ನ ಬೆನ್ನು ಯಾರು ನೋಡ್ತಾರೆ?" ಎಂದು ಕೇಳಿ, ದಡಬಡ ಹೊರಟುಹೋದಳು. ಒಳಗೆ ಕೂತವಳನ್ನು ಕೇಳದೆ ಅಕ್ಷರ ಕಟ್ಟಿದವನನ್ನು ಬೈದಿದ್ದೆನಲ್ಲ, ನಾನೂ ಕೇಳಿರಲಿಲ್ಲ. ಮಾತು ಚುಚ್ಚಿತು. ಆದರೂ ಏಳಲಿಲ್ಲ. ಬೆನ್ನು ನೋವು ವಾಸಿಯಾಗುತ್ತದೆ.

ಇಳಿಹೊತ್ತಿಗೆ ಮಾಲೀಕರೇ ಬಂದರು. ಅವರು ಯಾರ ಮೇಲೂ ಧ್ವನಿ ಎತ್ತುವವರಲ್ಲ, ಅದಕ್ಕೇ ಭಯ ಜಾಸ್ತಿ. ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ, "ಬೆಹೆನ್‌ಜಿ, ನನ್ನ ತಂದೆಯ ಕಾಲದಿಂದ ಯಾರೂ ನನ್ನ ಯಂತ್ರಕ್ಕೆ ಬೀಗ ಹಾಕಿಲ್ಲ," ಎಂದರು.

"ನಾನು ಹಾಕಿದೀನಿ, ಸರ್."

"ಯಾರಿಗಾದರೂ ಏನಾದರೂ ಆಗಿದೆಯೇ?"

ನಾನು ಕೋಟಿನ ಜೇಬಿನಿಂದ ಆ ಕೈಗವಸು ತೆಗೆದು ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಆಮೇಲೆ, ಬಹುಶಃ ಯೋಚಿಸದೆಯೇ, ಅದರೊಳಗೆ ತಮ್ಮ ಕೈ ತೂರಿಸಿದರು. ಅವರ ಕೈ ದೊಡ್ಡದು. ಉಳಿದ ಬೆರಳುಗಳೆಲ್ಲ ಮುಚ್ಚಿಕೊಂಡು, ತೋರುಬೆರಳಿನ ತುದಿಯೊಂದೇ ಆ ತೂತಿನಿಂದ ಬರಿದಾಗಿ ಹೊರಗೆ ಬಂತು. ಅವರು ಅದನ್ನೇ ನೋಡುತ್ತ ನಿಂತರು. ಎಲ್ಲರೂ ನೋಡಿದರು.

"ಇದು ಅವಳ ಕೈಯಲ್ಲಿತ್ತು," ಎಂದೆ. "ಅವಳಿಗೆ ಸೈಜು ದೊಡ್ಡದಾಯ್ತು, ಬಚಾವಾದಳು. ನಿಮಗೆ ಸರಿಯಾಗಿದೆ."

ಅವರು ಕೈಗವಸು ಬಿಚ್ಚಿ, ಮಡಿಚಿ, ತಮ್ಮ ಜೇಬಿಗೆ ಹಾಕಿಕೊಂಡರು. ಮ್ಯಾನೇಜರ ಕಡೆ ತಿರುಗಿ, ವಿಮಾನದಲ್ಲಿ ತರಿಸಿದರೆ ಎಷ್ಟು ಬೇಗ ಬರುತ್ತದೆ ಎಂದಷ್ಟೇ ಕೇಳಿದರು. ಹೋಗುವಾಗ ನನ್ನತ್ತ ನೋಡದೆ, "ಇದರ ಬಗ್ಗೆ ನಾವು ಆಮೇಲೆ ಮಾತಾಡೋಣ," ಎಂದರು. ಇನ್ನೂ ಮಾತಾಡಿಲ್ಲ. ಆ 'ಆಮೇಲೆ' ಯಾವಾಗ ಬರುತ್ತದೋ ಎಂದು ಈಗಲೂ ಚಿಂತೆ ಮಾಡುತ್ತೇನೆ.

ಸಂಜೆ ಕಾರಿನಲ್ಲಿ ಗಂಡನಿಗೆ ಹೇಳಿದೆ. ಅವರು ಎಂಜಿನ್ ಆರಿಸಿ, "ಕೀಲಿ ಎಲ್ಲಿದೆ?" ಎಂದರು.

ಬಳೆ ಅಲ್ಲಾಡಿಸಿ ತೋರಿಸಿದೆ.

"ಮನೇಲಿ ಮಲಗೋವಾಗ ತೆಗೆದಿಡ್ತೀಯ ತಾನೆ?"

"ಇಲ್ಲ."

"ಸರಿ," ಎಂದು, ನಾನು ಹೇಳದೆಯೇ ಸೀಟ್‌ಬೆಲ್ಟ್ ಹಾಕಿಕೊಂಡರು.

ಕಂಪಾಲಾದ ಲಾರಿ ತಡವಾಗಿ ಹೋಯಿತು. ಕೈಯಿಂದ ಡಬ್ಬಿ ತುಂಬುವ ಮೇಜುಗಳ ಹತ್ತಿರ ನಾನೂ ಹೋಗಿ ಕೂತು ತುಂಬಿದೆ. ಆಪರೇಟರ್ ಎದುರಿಗೇ ಇದ್ದರೂ ನನ್ನೊಡನೆ ಮಾತಾಡಲಿಲ್ಲ. ನಾನು ಮುಚ್ಚಳ ಓರೆಯಾಗಿ ಹಾಕಿದ ಡಬ್ಬಿಗಳನ್ನು ಮಾತ್ರ ನನ್ನ ಮುಂದಕ್ಕೇ ತಳ್ಳುತ್ತಿದ್ದಳು.

ಕಣ್ಣು ಬಂತು. ಕೂರಿಸಿ, ವೈರು ಕಿತ್ತು, ನಾನೇ ಆ ವೈರಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡ ಮೇಲೆಯೇ ಬೀಗ ತೆಗೆದದ್ದು. ಮ್ಯಾನೇಜರು ಗಂಧದ ಬಟ್ಟಲು ಹಿಡಿದು ಸಿದ್ಧವಾಗಿ ನಿಂತಿದ್ದರು. ಅವರ ನಂಬಿಕೆಯ ಮೇಲೆ ನನಗೆ ಜಗಳವಿಲ್ಲ. ಯಂತ್ರದ ಪಕ್ಕದ ಬರೀ ಉಕ್ಕಿನ ತಗಡಿನ ಮೇಲೆ ಮಾರ್ಕರಿನಲ್ಲಿ 安 ಎಂದು ಸೊಟ್ಟಗೆ ಬರೆದಿಟ್ಟಿದ್ದೆ.

"ಇಲ್ಲಿ ಇಡ್ಲಾ?" ಎಂದು ಕೇಳಿದರು, ಸ್ವಲ್ಪ ಮುನಿಸಿನಿಂದಲೇ.

"ಅಲ್ಲೇ, ಸರ್. ಬೇರೆಲ್ಲೂ ಬೇಡ."

ಸೂರಿನ ತುದಿಗೆ ಸರಿಯಾಗಿ ಬೊಟ್ಟಿಟ್ಟರು. ಯಂತ್ರ ಓಡತೊಡಗಿತು. ಆಗ ಆಪರೇಟರ್ ಎಲ್ಲಿಂದಲೋ ಒಂದು ಪೊರಕೆಯ ಕೋಲು ತಂದಳು. ಅದರ ತುದಿಗೆ, ಹತ್ತಿ ತುಂಬಿದ ಕೈಗವಸೊಂದನ್ನು ಕಟ್ಟಿದ್ದಳು. ಯಾರನ್ನೂ ಕೇಳದೆ ಅದನ್ನು ಯಂತ್ರದ ಬಾಯಿಗೆ ಚಾಚಿದಳು. ಟಕ್. ನಿಂತಿತು. ಕೈಗವಸು ಹೊರಗೆಳೆದು ಒಂದೊಂದೇ ಬೆರಳು ಹಿಸುಕಿ ನೋಡಿದಳು. ಮತ್ತೆ ಓಡಿಸಿ, ಮತ್ತೆ ಚಾಚಿದಳು. ಮತ್ತೆ ನಿಂತಿತು.

"ಸಾವ," ಎಂದಳು, ಸ್ವಾಹಿಲಿಯಲ್ಲಿ ಸರಿ ಎನ್ನುವಂತೆ. ಆಮೇಲೆ ನನಗೆ: "ನೀನು ಡಬ್ಬಿ ತುಂಬೋಕೆ ಲಾಯಕ್ಕಿಲ್ಲ ಮೇಡಮ್. ಇಲ್ಲೇ ಇರು."

ಎಲ್ಲರೂ ಚದುರಿದ ಮೇಲೆ ಮ್ಯಾನೇಜರು ಕೈ ಚಾಚಿದರು. "ಮುಗೀತಲ್ಲ ಮೇಡಮ್. ಕೀಲಿ ಕೊಡಿ. ನನ್ನ ಹತ್ರ ಇರ್ಲಿ."

"ಇಲ್ಲ ಸರ್."

"ಅಂದ್ರೆ?"

"ಕೊಡಲ್ಲ ಅಂತ."

ಅವರು ಚಾಚಿದ ಕೈಗೆ ಅಂಟಿದ್ದ ಕುಂಕುಮವನ್ನು ಒರೆಸಿಕೊಳ್ಳುತ್ತ ಹೊರಟುಹೋದರು. ಕೀಲಿ ಬಳೆಯಲ್ಲೇ ಇದೆ. ಈ ಸಾಲು ಬರೆಯುವಾಗಲೂ ಮುಟ್ಟಿ ನೋಡಿದೆ, ಇನ್ನೊಮ್ಮೆಯೂ ನೋಡಿದೆ.